ಟಿಟ್ಟಿಭದ ಕುಂಟುಕಾಲು

ಕೆರೆಯಂಗಳದ ಕಲ್ಲುಗಳ ನಡುವೆ ಟಿಟ್ಟಿಭವೊಂದು ಕಲ್ಲಿನ ಬಣ್ಣದ್ದೇ ನಾಲ್ಕು ಮೊಟ್ಟೆ ಇಟ್ಟಿತ್ತು. ಒಂದು ಬೆಳಿಗ್ಗೆ ದಾಕ್ಷಾಯಣಿ ಟೀಚರು ಮೂರನೇ ಕ್ಲಾಸಿನ ದಂಡನ್ನೇ ಹಕ್ಕಿ ತೋರಿಸಲು ಕರೆತಂದರು ನೋಡಿ, ತಾಯಿಹಕ್ಕಿ ಪಕ್ಕದ ಬಂಡೆಯ ಬಳಿಯಿದ್ದ ಆಮೆಯತ್ತ ಓಡಿತು.

"ಆಮೆಯಣ್ಣ, ಅರವತ್ತು ಕಾಲು! ಒಂದು ತಪ್ಪಿ ಬಿದ್ದರೂ ನನ್ನ ಸಂಸಾರ ಮುಗಿಯಿತು" ಎಂದ ಟಿಟ್ಟಿಭ, ಅರಚುತ್ತ, ಎಡಗಾಲು ಎಳೆಯುತ್ತ, ಮೊಟ್ಟೆಗಳಿಂದ ದೂರಕ್ಕೆ ಕುಂಟಿತು. ಮಕ್ಕಳೆಲ್ಲ ಅದರ ಹಿಂದೆಯೇ ಹೋದರು. ಆಚೆ ದಡ ಮುಟ್ಟಿಸಿ ಅದು ಪುರ್ರನೆ ಹಾರಿಬಂತು.

"ಹೇಗೆ ಏಮಾರಿಸಿದೆ, ನೋಡಿದೆಯಾ?"

ಆಮೆ ನಕ್ಕಿತು. "ಏಮಾರಿದ್ದು ನೀನು, ತಂಗಿ. ನೀನು ಕುಂಟತೊಡಗಿದಾಗಲೇ ಇಲ್ಲಿ ನನ್ನ ಬಂಡೆಯ ಮೇಲೆ ಕೂತು ಟೀಚರು ನಿನ್ನ ಕಥೆಯನ್ನೇ ಹೇಳಿದರು. ಟಿಟ್ಟಿಭ ಕುಂಟಿದರೆ ಮೊಟ್ಟೆ ಹತ್ತಿರದಲ್ಲೇ ಇರುತ್ತವೆ, ತುಳಿಯದಂತೆ ಅದು ಕರೆದತ್ತಲೇ ನಡೆಯಿರಿ ಅಂತ. ಪಾಪ, ಮಕ್ಕಳು ನಗುವನ್ನೂ ತಡೆದುಕೊಂಡರು."

ಟಿಟ್ಟಿಭ ನಾಲ್ಕೂ ಮೊಟ್ಟೆಗಳನ್ನು ಕೊಕ್ಕಿನಿಂದ ಸವರಿತು. ಮಕ್ಕಳು ಮರಳಿದಾಗ ಮತ್ತೆ ಕುಂಟಲು ಎದ್ದಿತು.

"ಇನ್ನೇಕೆ? ಅವರಿಗೆ ಎಲ್ಲ ಗೊತ್ತಲ್ಲ!"

"ಅಣ್ಣ, ಆಗ ಹೆದರಿ ಕುಂಟಿದೆ. ಅಷ್ಟು ಅಕ್ಕರೆಯಿಂದ ಏಮಾರಿದವರಿಗೆ ಈಗ ಪ್ರೀತಿಯಿಂದ ಕುಂಟಿ ತೋರಿಸಬೇಡವೇ?"

ಆದರೆ ಸಂತೋಷದಲ್ಲಿ ಯಾವ ಕಾಲೆಂಬುದನ್ನೇ ಮರೆತು ಬಲಗಾಲಿನಲ್ಲಿ ಕುಂಟಿತು. ಮಕ್ಕಳು ಅದನ್ನೂ ಕಾಣದವರಂತೆ ಹಿಂದೆ ನಡೆದರು.