ಮೂರಾಳು ನೀರು

"ಕೇಳ್ರಪ್ಪೋ ಕೇಳ್ರಿ! ಹೊನ್ನತ್ತಿಯ ದೊರೆಸಾನಿ ನಿರ್ವಾಣಮ್ಮನವರು ಮೂರು ಒಗಟು ಹಾಕ್ಯಾರ. ಮೂರನ್ನೂ ಒಡೆದವರಿಗೆ ಹೊಳೆದಂಡೆಯ ಏಳು ಹಳ್ಳಿ ಉಂಬಳಿ. ಸೋತವರಿಗೆ ಹುಣ್ಣಿಮೆಯ ಬೆಳಿಗ್ಗೆ ಗಲ್ಲು!"

ಡಂಗುರ ಕೇಳಿ ಅಂಬಿಗರ ಗಾದಿಲಿಂಗ ಹರಿಗೋಲು ಕಟ್ಟಿಹಾಕಿ ಅರಮನೆಗೆ ಹೋದ. ಉಂಬಳಿಯ ಆಸೆ ಅವನಿಗಿರಲಿಲ್ಲ; ಗಲ್ಲಾದರೂ ಸರಿ ಎನಿಸಿತ್ತು. ಪರಂಗಿ ಸಾಹೇಬನ ತೀರ್ಪಿನಿಂದ ಹೊಳೆಯ ನಡುವಿನ ಹೊಂಗೆಗಡ್ಡೆ ಹೊನ್ನತ್ತಿಯ ಕೈಬಿಟ್ಟು ಆಚೆ ದಂಡೆಯ ಕರಡಿಮಟ್ಟಿಯವರ ಪಾಲಾದ ಮೇಲೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಗಡ್ಡೆಯಿಂದ ಓಡಿಸಲ್ಪಟ್ಟ ನಲವತ್ತು ಮನೆಯವರನ್ನು ಈಚೆಗೆ ದಾಟಿಸಿದ್ದು ಅವನದೇ ಹರಿಗೋಲು. ಅವರ ಮುಖ ನೋಡಲಾರದೆ ನೀರು ನೋಡುತ್ತ ಹುಟ್ಟು ಹಾಕಿದ್ದ.

ಸಭೆಯಲ್ಲಿ ದೊರೆಸಾನಿ ಮೊದಲ ಒಗಟು ಹಾಕಿದಳು. "ತಾಯಿಯ ಎರಡು ತೋಳಿನ ನಡುವೆ ಕೂಸು. ತಾಯಿ ಕೈ ಸಡಿಲಿಸಲಿಲ್ಲ, ಕೂಸು ಕದಲಲಿಲ್ಲ. ಆದರೂ ಪರರ ಪಾಲಾಯಿತು. ಏನದು?"

ದೇಸಾಯಿಯ ಮಗ ಮುಂದೆ ಬಂದು, "ಮದುವೆಯಾದ ಮಗಳು," ಎಂದ. ಅವನನ್ನು ಸೆರೆಗೆ ಒಯ್ದರು.

ಶಾಸ್ತ್ರಿಯೊಬ್ಬ, "ಎರಡು ಕವಲಿನ ಹೊಳೆ, ನಡುವೆ ಗಡ್ಡೆ," ಎಂದು ಗೆದ್ದ.

ದೊರೆಸಾನಿ ಎರಡನೆಯದು ಹಾಕಿದಳು. "ಹರಿಯಲು ನೀರಿಲ್ಲ, ಬೆರಳಗಲವೂ ಇಲ್ಲ. ದಾಟಿದವನು ಮಾತ್ರ ಕಳ್ಳ. ಏನದು?"

"ಪರಂಗಿ ಸಾಹೇಬ ನಕ್ಷೆಯಲ್ಲಿ ಎಳೆದ ಗೆರೆ."

"ಸರಿ. ಸಾವಿರ ಕುದುರೆ ಗೆಲ್ಲಲಾಗದ ಸೀಮೆಯನ್ನು ಒಂದೇ ಮಾತು ಕಳೆಯಿತು. ಯಾವ ಮಾತು?"

ಶಾಸ್ತ್ರಿ ತಡವರಿಸಿದ. "ಸಾಹೇಬನ ಹುಕುಂ?"

"ಅಲ್ಲ." ಭಟರು ಅವನ ರಟ್ಟೆ ಹಿಡಿದರು. ಗಾದಿಲಿಂಗನಿಗೆ ತಡೆಯಲಾಗಲಿಲ್ಲ.

"ಅವರನ್ನು ಬಿಡ್ರಿ ತಾಯಿ! ಮೊದಲ ಎರಡೂ ಅವರು ಹೇಳಿದ್ದೇ. ಮೂರನೇದು 'ಮೂರಾಳು'."

ದೊರೆಸಾನಿ ಎದ್ದು ನಿಂತಳು. "ಬಿಡಿಸಿ ಹೇಳು."

"ಯಾವ ಕವಲು ಆಳವೋ ಅದೇ ಎಲ್ಲೆ ಅಂದಿದ್ದ ಸಾಹೇಬ. ನನ್ನ ಹರಿಗೋಲಿನಲ್ಲೇ ಅಳೆಯಕ್ಕೆ ಬಂದ. ಬಡಗಣ ಕವಲಿಗೆ ಗಳ ಇಳಿಸಿದೆ, ಎರಡಾಳು ಉದ್ದ ನೀರು ಬಂತು. ನಮ್ಮ ದಂಡೆ ಕಡೆಯ ತೆಂಕಣ ಕವಲಿಗೆ ಬರೋ ಹೊತ್ತಿಗೆ ಹಸಿವು, ಚಳಿ. ಗಳ ಇಳಿಸಲೇ ಇಲ್ಲ ತಾಯಿ. ಬಾಯಿಗೆ ಬಂದಂಗೆ ಮೂರಾಳು ಅಂದುಬಿಟ್ಟೆ. ಅವನು ಬರಕೊಂಡ, ಗಡ್ಡೆ ಆಚೆಯವರ ಪಾಲಾತು. ಅಲ್ಲಿರೋದು ಎದೆಮಟ್ಟ."

ಸಭೆಯಲ್ಲಿ ಯಾರೋ "ದ್ರೋಹಿ" ಎಂದರು.

"ಸಾಹೇಬನ ತೀರ್ಪಿನ ಕಾಗದದಲ್ಲಿ 'ಅಂಬಿಗ ಮೂರಾಳು ಎಂದ' ಅಂತಿದೆ," ಎಂದಳು ದೊರೆಸಾನಿ. "ಅಂದವನು ಯಾರೆಂದು ಇರಲಿಲ್ಲ. ಗಲ್ಲೆಂದು ಸಾರಿದರೆ ಸಲ್ಲದವರು ಹೆದರಿ ಉಳಿಯುತ್ತಾರೆ, ತಪ್ಪಿನ ಭಾರ ಹೊತ್ತ ಆ ಅಂಬಿಗ ಮಾತ್ರ ಬರುತ್ತಾನೆ ಎಂದುಕೊಂಡೆ. ನೀನು ಬಂದೆ. ಆದರೆ ಒಗಟನ್ನೂ ಗೆದ್ದೆ. ಕೊಟ್ಟ ಮಾತು ತಪ್ಪಲಾರೆ, ಏಳು ಹಳ್ಳಿ ನಿನ್ನವು."

ಸೋತ ಇಬ್ಬರನ್ನೂ ಬಿಡಿಸಿ, ಮರು ಅಳತೆಗೆ ಸಾಹೇಬನಿಗೆ ಬರೆಸಿದಳು. ಎಳೆದ ಗೆರೆ ಅಳಿಸುವುದಿಲ್ಲವೆಂದು ಉತ್ತರ ಬಂತು.

ಗಾದಿಲಿಂಗ ಏಳು ಹಳ್ಳಿಯನ್ನೂ ಆ ನಲವತ್ತು ಮನೆಗಳಿಗೆ ಹಂಚಿದ. ಸನ್ನದು ಕೊಡಲು ಹೋದಾಗ, ಮರದಡಿ ಒಲೆ ಹೂಡಿದ್ದ ಮುದುಕಿಯೊಬ್ಬಳು, "ಯಾವ ಪುಣ್ಯಾತ್ಮನೋ ನೀನು!" ಎಂದು ಅವನ ಹಣೆಗೆ ಕೈ ಒತ್ತಿದಳು.

ಅವನು ಆಕೆಯ ಕೈ ತೆಗೆದು, ಎಲ್ಲವನ್ನೂ ಹೇಳಿದ. ಮುದುಕಿ ಒಲೆಗೆ ಒಂದು ಕಟ್ಟಿಗೆ ನೂಕಿದಳು. "ಕ್ಷಮಿಸಿದೆ" ಎನ್ನಲಿಲ್ಲ. ಕೊನೆಗೆ ಚಾಪೆಯ ಮೇಲೆ ಒಂದಿಷ್ಟು ಸರಿದು ಕೂತಳು.

ಗಾದಿಲಿಂಗ ಆ ಜಾಗದಲ್ಲಿ ಕುಳಿತ.