ಎರಡು ದಡದ ಹೊಂಗರಿ

ದೂಮಣ್ಣ ಬಲೆ ಎಳೆದ. ಬಲೆಯಲ್ಲಿ ಒಂದೇ ಒಂದು ಹೊಂಗರಿ ಮೀನು ಇತ್ತು.

ಅವನು ಮೂಡುದಡದ ಗುರಿಕಾರ. ಮೀನುಗಾರರಿಗೆಲ್ಲ ಹಿರಿಯ. ಅವನು ಬೇಡ ಎಂದ ದಿನ ಯಾರೂ ದೋಣಿ ಇಳಿಸುತ್ತಿರಲಿಲ್ಲ. ಅಂಥವನ ಬಲೆಯಲ್ಲಿ ಒಂದು ಮೀನು. ಜೊತೆಗೆ ಹೋದ ದೋಣಿಗಳಲ್ಲಿ ಅದೂ ಇರಲಿಲ್ಲ.

ದಡದಲ್ಲಿ ತರಕಾರಿ ಮಾರುವ ಹೆಂಗಸು ಕೇಳಿದಳು. “ಗುರಿಕಾರರೇ, ಇವತ್ತು ಮೀನು ಹೇಗೆ?”

“ಏನಿಲ್ಲ.”

ಅವಳು ನಕ್ಕಳು. “ಹಾಗಾದರೆ ಭರ್ಜರಿ ಬಿದ್ದಿದೆ. ನನಗೂ ಎರಡು ತೆಗೆದಿಡಿ.”

ಆ ಕೊಲ್ಲಿಯವರ ಪದ್ಧತಿ ಹಾಗೆ. ಬಲೆ ಹರಿಯುವಷ್ಟು ಮೀನು ಬಿದ್ದರೂ ಏನಿಲ್ಲ ಎನ್ನಬೇಕು. ಉಂಟು ಎಂದರೆ ದೃಷ್ಟಿ ತಾಗುತ್ತದೆ. ಮರುದಿನ ಅದೇ ಜಾಗಕ್ಕೆ ಊರಿನ ದೋಣಿಗಳೆಲ್ಲ ನುಗ್ಗುತ್ತವೆ. ಆದ್ದರಿಂದ ಅಜ್ಜಂದಿರ ಕಾಲದಿಂದಲೂ ಎಲ್ಲರೂ ಏನಿಲ್ಲ ಎನ್ನುತ್ತಿದ್ದರು. ಕೇಳಿದವರು ಉಂಟು ಎಂದೇ ತಿಳಿಯುತ್ತಿದ್ದರು. ಅದರಿಂದ ಯಾರಿಗೂ ನಷ್ಟವಾಗಿರಲಿಲ್ಲ. ಆಗ ಮೀನು ಇತ್ತು.

ಕೊಲ್ಲಿಗೆ ಎರಡು ದಡ. ಮೂಡುದಡಕ್ಕೆ ಒಬ್ಬ ಅರಸ, ಪಡುದಡಕ್ಕೆ ಇನ್ನೊಬ್ಬ. ಹಿಂದೆ ಎರಡೂ ಒಂದೇ ರಾಜ್ಯ. ಆ ದಡದ ಹೆಣ್ಣನ್ನು ಈ ದಡಕ್ಕೆ ತರುತ್ತಿದ್ದರು. ದೂಮಣ್ಣನ ಹೆಂಡತಿ ಹಾಗೆ ಬಂದವಳು. ಅವಳ ತಮ್ಮ ಸೇಸಪ್ಪ ಈಗ ಪಡುದಡದ ಗುರಿಕಾರ. ಅವಳು ಬಂದ ಮೇಲೆ ಅರಸನ ಮಕ್ಕಳು ರಾಜ್ಯ ಹಂಚಿಕೊಂಡರು. ನೀರಿನ ನಡುವೆ ಗಡಿ ಬಿತ್ತು. ಒಂದು ದಡದ ದೋಣಿ ಇನ್ನೊಂದು ದಡದ ಮರಳು ಮುಟ್ಟಿದರೆ ದೋಣಿಯನ್ನು ಕಿತ್ತುಕೊಳ್ಳುತ್ತಿದ್ದರು. ದೋಣಿಯವನು ಸೆರೆಮನೆಗೆ.

ಮೀನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಹೊಂಗರಿ ಆ ಕೊಲ್ಲಿಯಲ್ಲಲ್ಲದೆ ಬೇರೆಲ್ಲೂ ಇಲ್ಲದ ಮೀನು. ಅದು ಮೂಡುದಡದ ಕಡಲಹುಲ್ಲಿನಲ್ಲಿ ಮೊಟ್ಟೆ ಇಡುತ್ತಿತ್ತು. ಮರಿಗಳು ಗಡಿ ದಾಟಿ ಪಡುದಡದ ಅಳಿವೆಗೆ ಹೋಗಿ ಬೆಳೆಯುತ್ತಿದ್ದವು. ಬೆಳೆದು ಮತ್ತೆ ಈಚೆ ಬರುತ್ತಿದ್ದವು. ಮೊಟ್ಟೆಯ ವಿಷಯ ಕಂಡುಹಿಡಿದವರು ಮೂಡುದಡದ ಪಂಡಿತೆ ತುಂಗಮ್ಮ. ಮರಿಯ ವಿಷಯ ಕಂಡುಹಿಡಿದವರು ಪಡುದಡದ ಪಂಡಿತ ಹಸನಬ್ಬ. ಒಬ್ಬರ ಅರ್ಧಕ್ಕೆ ಇನ್ನೊಬ್ಬರ ಅರ್ಧ ಸೇರಿದ್ದರಿಂದ ಮೀನಿನ ಬದುಕು ಪೂರ್ತಿ ತಿಳಿಯಿತು.

ಇದನ್ನು ಕೇಳಿ ಅರಸರಿಬ್ಬರಿಗೂ ಸಂತೋಷವಾಯಿತು. ಪಂಡಿತರು ವರ್ಷಕ್ಕೊಮ್ಮೆ ಕೊಲ್ಲಿಯ ನಡುವಿನ ಬಂಡೆಯ ಮೇಲೆ ಸೇರಲಿ, ತಿಳಿದದ್ದನ್ನು ಹಂಚಿಕೊಳ್ಳಲಿ ಎಂದರು. ಒಂದೇ ಕಟ್ಟಳೆ. ಮೀನು ಎಷ್ಟಿದೆ ಎಂಬುದು ರಾಜ್ಯದ ಗುಟ್ಟು. ಅದನ್ನು ಹೇಳಕೂಡದು. ಕಡಿಮೆ ಎಂದು ತಿಳಿದರೆ ಆಚೆಯವರು ಹಗುರವಾಗಿ ಕಾಣುತ್ತಾರೆ. ಹೆಚ್ಚು ಎಂದು ತಿಳಿದರೆ ಕಣ್ಣು ಹಾಕುತ್ತಾರೆ.

ಆ ವರ್ಷವೂ ಬಂಡೆಯ ಮೇಲೆ ಸಭೆ ಸೇರಿತು. ಪಂಡಿತರ ಪಕ್ಕದಲ್ಲಿ ಒಬ್ಬೊಬ್ಬ ಅಧಿಕಾರಿ.

“ಹೊಂಗರಿಗೆ ಮೇಲಿನ ದವಡೆಯಲ್ಲಿ ಹಲ್ಲಿಲ್ಲ,” ಎಂದರು ಹಸನಬ್ಬ.

“ಮೊಟ್ಟೆ ಎಳ್ಳಿಗಿಂತ ಸಣ್ಣದು,” ಎಂದರು ತುಂಗಮ್ಮ.

ಅಧಿಕಾರಿಗಳು ತಲೆದೂಗಿದರು. ಎರಡು ರಾಜ್ಯಗಳ ವಿದ್ಯಾಸಂಬಂಧ ಚೆನ್ನಾಗಿದೆ ಎಂದರು. ಬಾಳೆಹಣ್ಣು ಹಂಚಿದರು.

“ನಿಮ್ಮಲ್ಲಿ ಈಗ ಮೀನು ಎಷ್ಟಿದೆ?” ತುಂಗಮ್ಮ ಕೇಳಿದರು.

ಹಸನಬ್ಬ ಬಾಯಿ ತೆರೆದರು. ಅವರ ಅಧಿಕಾರಿ ಕೆಮ್ಮಿದ. ಹಸನಬ್ಬ ಬಾಯಿ ಮುಚ್ಚಿದರು.

“ನಿಮ್ಮಲ್ಲಿ?” ಎಂದು ಅವರೂ ಕೇಳಿದರು.

ಈಗ ಈಚೆಯ ಅಧಿಕಾರಿ ಕೆಮ್ಮಿದ. ತುಂಗಮ್ಮ ತಲೆ ತಗ್ಗಿಸಿದರು. ಸಭೆ ಮುಗಿಯಿತು.

ತುಂಗಮ್ಮ ನೇರವಾಗಿ ದೂಮಣ್ಣನ ಮನೆಗೆ ಬಂದರು.

“ನಮ್ಮ ಕಡೆ ಹೊಂಗರಿ ಮುಗಿಯುತ್ತಾ ಬಂದಿದೆ ದೂಮಣ್ಣ. ಆಚೆ ಬೇಕಾದಷ್ಟಿದ್ದರೆ ಹೆದರಿಕೆಯಿಲ್ಲ. ಬೆಳೆದು ಈಚೆ ಬರುತ್ತದೆ. ಆಚೆಯೂ ಇಲ್ಲದಿದ್ದರೆ ಎರಡೂ ದಡದವರು ಈಗಲೇ ಬಲೆ ಎತ್ತಬೇಕು. ಎರಡು ಮಳೆಗಾಲ ಮೀನನ್ನು ಮುಟ್ಟಬಾರದು. ಆಗ ಉಳಿಯುತ್ತದೆ.”

“ನಾವು ಮಾತ್ರ ಎತ್ತಿದರೆ?”

“ಪ್ರಯೋಜನವಿಲ್ಲ. ಇಲ್ಲಿ ಬಿಟ್ಟದ್ದನ್ನು ಅಲ್ಲಿ ಹಿಡಿಯುತ್ತಾರೆ.”

“ನೀವು ಪಂಡಿತರು. ಬಂಡೆಯ ಮೇಲೆ ಕೂತು ಕೇಳಬಾರದಿತ್ತೇ?”

“ಹಲ್ಲು ಎಷ್ಟು ಎಂದು ಕೇಳಬಹುದು. ಮೀನು ಎಷ್ಟು ಎಂದು ಕೇಳುವ ಹಾಗಿಲ್ಲ. ನೀನು ನಿನ್ನ ಭಾವಮೈದುನ ಸೇಸಪ್ಪನನ್ನು ಕೇಳು. ನೆಂಟರ ಮಾತಿಗೆ ಕೆಮ್ಮುವವರು ಇರುವುದಿಲ್ಲ.”

ಹೊಂಗರಿ ಹೋದರೆ ದೂಮಣ್ಣನ ಜನ ದಡ ಬಿಡಬೇಕು. ಅವರಿಗೆ ಬೇರೆ ಕಸುಬು ಗೊತ್ತಿಲ್ಲ. ಅವನು ಎಲ್ಲರನ್ನೂ ಕರೆದು ಹೇಳಿದ. “ಸೇಸಪ್ಪನ ಬಲೆಯೂ ಖಾಲಿ ಎಂದಾದರೆ ನಾಳೆಯಿಂದಲೇ ನಮ್ಮ ದೋಣಿಗಳು ದಡದ ಮೇಲೆ. ಅವನೂ ಎತ್ತುತ್ತಾನೆ. ಎರಡು ಮಳೆಗಾಲ ಗೆಣಸು ತಿಂದು ಬದುಕೋಣ.”

ಜನ ಗೊಣಗಿದರು. ಆದರೆ ಒಪ್ಪಿದರು.

ಅವನು ಗಡಿಯವರೆಗೆ ಹುಟ್ಟು ಹಾಕಿಕೊಂಡು ಹೋದ. ಸೇಸಪ್ಪ ಅಲ್ಲಿ ಬಲೆ ಬಿಡುತ್ತಿದ್ದ. ದೋಣಿಗಳು ಪಕ್ಕಪಕ್ಕಕ್ಕೆ ಬಂದವು.

“ಎಂತ ಭಾವ, ಇಷ್ಟು ದೂರ? ಅಕ್ಕ ಮನೆಯಿಂದ ಓಡಿಸಿದಳಾ?”

“ನಿನ್ನ ಅಕ್ಕ ಓಡಿಸುವವಳಲ್ಲ ಮಾರಾಯ, ಕಟ್ಟಿಹಾಕುವವಳು.”

ಇಬ್ಬರೂ ನಕ್ಕರು. ವೀಳ್ಯದೆಲೆ ಕೈ ಬದಲಾಯಿತು.

“ಸೇಸಪ್ಪ, ಇವತ್ತು ತಮಾಷೆ ಬೇಡ. ನಿಮ್ಮಲ್ಲಿ ಹೊಂಗರಿ ಉಂಟಾ?”

“ಏನಿಲ್ಲ ಭಾವ.”

“ನಿಜ ಹೇಳು.”

“ಕಡಲಿನಾಣೆ. ಏನಿಲ್ಲ.”

ಆಣೆಯೂ ಪದ್ಧತಿಗೆ ಸೇರಿದ್ದೇ. ದೋಣಿ ಮುಳುಗುವಷ್ಟು ಮೀನು ಬಿದ್ದ ದಿನ ದೂಮಣ್ಣನೂ ಕಡಲಿನಾಣೆ ಹಾಕಿದ್ದ.

ಸೇಸಪ್ಪ ಬುಟ್ಟಿ ಮಗುಚಿ ತೋರಿಸಿದ. ಒಂದು ಏಡಿ ಬಿತ್ತು.

“ಮೀನು ದಡದಲ್ಲಿ ಇಳಿಸಿ ಬಂದಿದ್ದೀ,” ಎಂದ ದೂಮಣ್ಣ. “ಬುಟ್ಟಿ ಮಗುಚುವುದನ್ನು ನಿನಗೆ ಕಲಿಸಿದವನೇ ನಾನು.”

“ಅಲ್ಲ ಭಾವ, ನಿಜವಾಗಿಯೂ ಇಲ್ಲ. ನಿಮ್ಮಲ್ಲಿ?”

“ನಮ್ಮಲ್ಲೂ ಇಲ್ಲ ಮಾರಾಯ. ಬಲೆ ತೊಳೆದು ಒಣಗಿಸುವುದೇ ಕೆಲಸವಾಗಿದೆ.” ದೂಮಣ್ಣ ಹೆಗಲ ಬಟ್ಟೆಯಿಂದ ಕಣ್ಣು ಒರೆಸಿಕೊಂಡ.

ಸೇಸಪ್ಪ ಅವನ ಮುಖವನ್ನೇ ನೋಡಿದ. ಆಮೇಲೆ ದೋಣಿ ಅಲುಗಾಡುವ ಹಾಗೆ ನಕ್ಕ. “ಯಕ್ಷಗಾನಕ್ಕೆ ಸೇರು ಭಾವ. ಅಳುವ ವೇಷ ನಿನಗೆ ಚೆನ್ನಾಗಿ ಒಪ್ಪುತ್ತದೆ.”

ಇಬ್ಬರೂ ನಿಜವನ್ನೇ ಹೇಳಿದ್ದರು. ಆದರೆ ನಿಜ ಹೇಳಲು ಅವರಲ್ಲಿ ಬೇರೆ ಮಾತು ಉಳಿದಿರಲಿಲ್ಲ. ಎಲ್ಲ ಸುಳ್ಳಿಗೇ ಖರ್ಚಾಗಿತ್ತು.

ದಡದಲ್ಲಿ ತುಂಗಮ್ಮ ಕಾಯುತ್ತಿದ್ದರು.

“ಏನೆಂದ?”

“ಏನಿಲ್ಲ ಎಂದ. ಆಣೆಯನ್ನೂ ಹಾಕಿದ. ಬೇಕಾದಷ್ಟು ಉಂಟು ಅಮ್ಮ ಅವರಲ್ಲಿ.”

“ಇಲ್ಲ ಎಂದವನ ಮಾತನ್ನು ಇಲ್ಲ ಎಂದು ತಿಳಿಯಬಾರದೇ?”

“ನೀವು ಓದಿದವರು. ನಮ್ಮ ಮಾತು ನಿಮಗೆ ತಿಳಿಯುವುದಿಲ್ಲ.”

ತುಂಗಮ್ಮ ಅವನ ಕೈ ಹಿಡಿದುಕೊಂಡು ಬೇಡಿದರು. ಆಚೆಯವರು ತಿನ್ನುತ್ತಿರುವಾಗ ನಾವೇಕೆ ಉಪವಾಸ ಎಂದು ಜನ ಕೂಗಿದರು. ದೂಮಣ್ಣ ಜನರ ಕಡೆ ನಿಂತ. ಅವನಿಗೂ ಸೇಸಪ್ಪನ ಮೇಲೆ ಸಿಟ್ಟು ಬಂದಿತ್ತು. ಸ್ವಂತ ಅಕ್ಕನ ಗಂಡನಿಗೂ ಮುಚ್ಚಿಟ್ಟನಲ್ಲ ಎಂದು.

ಅವನು ಸಣ್ಣ ಕಣ್ಣಿನ ಬಲೆ ಹೆಣೆಸಿದ. ಮರಿಯೂ ನುಸುಳದ ಬಲೆ. ಆಚೆ ಸೇಸಪ್ಪನೂ ಅದನ್ನೇ ಮಾಡಿದ. ಮೂಡುದಡದಲ್ಲಿ ಬೇಕಾದಷ್ಟು ಉಂಟು, ಭಾವ ಅತ್ತು ನಟಿಸಿದ ಎಂದು ಅವನೂ ತನ್ನ ಜನಕ್ಕೆ ಹೇಳಿದ್ದ. ಉಳಿದದ್ದನ್ನು ಎರಡೂ ಕಡೆಯವರು ಅವಸರದಿಂದ ಬಾಚಿದರು. ಹೊಟ್ಟೆಯಲ್ಲಿ ಮೊಟ್ಟೆ ಇದ್ದ ಮೀನನ್ನೂ ಬಿಡಲಿಲ್ಲ.

ಮರುವರ್ಷ ಮತ್ತೆ ಬಂಡೆಯ ಮೇಲೆ ಸಭೆ. ಅಧಿಕಾರಿ ಕೆಮ್ಮುವ ಮೊದಲೇ ತುಂಗಮ್ಮ ಹೇಳಿಬಿಟ್ಟರು.

“ಹೋದ ವರ್ಷವೇ ನಮ್ಮಲ್ಲಿ ಮುಗಿಯುತ್ತಾ ಬಂದಿತ್ತು. ನಾನು ಕಟ್ಟಳೆಗೆ ಹೆದರಿ ಹೇಳಲಿಲ್ಲ.”

ಹಸನಬ್ಬ ತಮ್ಮ ಅಧಿಕಾರಿಯ ಕಡೆ ನೋಡದೆ ಅವರತ್ತ ತಿರುಗಿದರು.

“ನಮ್ಮಲ್ಲೂ ಹೋದ ವರ್ಷವೇ,” ಎಂದರು. “ನಿಮ್ಮಲ್ಲಿ ಇದೆ ಎಂದುಕೊಂಡು ನಾನು ಧೈರ್ಯವಾಗಿದ್ದೆ ಅಮ್ಮ.”

“ಈಗ ಇಬ್ಬರೂ ಬಲೆ ಎತ್ತಿಸಿದರೆ?”

“ಯಾವ ಮೀನಿಗೆ?”

ರಾಜ್ಯದ ಗುಟ್ಟು ಹೇಳಿದ್ದಕ್ಕೆ ಇಬ್ಬರನ್ನೂ ಕೆಲಸದಿಂದ ತೆಗೆದರು.

ಆ ಮಳೆಗಾಲ ಮೂಡುದಡದ ಕಡಲಹುಲ್ಲಿನಲ್ಲಿ ಮೊಟ್ಟೆ ಇರಲಿಲ್ಲ. ಪಡುದಡದ ಅಳಿವೆಗೆ ಮರಿ ಬರಲಿಲ್ಲ. ಮುಂದೆಯೂ ಬರಲಿಲ್ಲ.

ನೀತಿ: ಗಡಿ ಮನುಷ್ಯರದು, ಜೀವಿಗಳದಲ್ಲ. ಇಬ್ಬರು ಸೇರಿ ಉಳಿಸಬೇಕಾದ ಜೀವದ ವಿಷಯವನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟರೆ ಕೊನೆಗೆ ಗುಟ್ಟು ಉಳಿಯುತ್ತದೆ, ಜೀವ ಉಳಿಯುವುದಿಲ್ಲ. ಇಲ್ಲ ಎಂದಾಗ ಜನ ನಂಬಬೇಕಾದರೆ, ಇದ್ದಾಗ ಉಂಟು ಎಂದು ಹೇಳಿರಬೇಕು.