ಕೆಂಚಯ್ಯನ ಕವಚ

ದಾಳ ಉರುಳಿಸಿ ವೀರರ ಕಥೆ ಆಡುವವರ ಮೇಜಿನ ಮೇಲೆ ಹೊಸದೊಂದು ಮಣ್ಣಿನ ಬೊಂಬೆ ತಯಾರಾಗುತ್ತಿತ್ತು. ಅದು ವೀರನೂ ಅಲ್ಲ, ಶತ್ರುವೂ ಅಲ್ಲ. ಸೇತುವೆ ಬಳಿ ನಿಂತು ದಾರಿ ಹೇಳುವ ಕಾವಲುಗಾರ.

ಬಣ್ಣ ಹಚ್ಚುತ್ತಿದ್ದ ಕುಂಚ ಹೇಳಿತು: "ನಿನ್ನ ಹೆಸರು ಕೆಂಚಯ್ಯ. ಕೈಯಲ್ಲೊಂದು ಖಾಲಿ ಹಗ್ಗ ಬಿಡಿಸುತ್ತೇನೆ. ಬಂದವರನ್ನು ‘ನನ್ನ ಮೇಕೆ ಕಂಡಿರಾ?’ ಎಂದು ಕೇಳು, ಮಾತಿಗೆ ನಿಲ್ಲುತ್ತಾರೆ."

ಕೆಂಚಯ್ಯ ಅತ್ತ ನೋಡಿದ. ಮೇಜಿನಾಚೆಯ ಪೆಟ್ಟಿಗೆಯಿಂದ, ಆಟದಲ್ಲಿ ಸತ್ತ ಬೊಂಬೆಗಳ ಮುರಿದ ಕೈಕಾಲುಗಳು ಇಣುಕುತ್ತಿದ್ದವು. "ಮೇಕೆಯನ್ನು ನಂಬಿ ಸಾಯಲೇ? ಉಕ್ಕಿನ ಕವಚ ತೊಡಿಸು, ಉದ್ದನೆಯ ಕತ್ತಿ ಕೊಡು, ಮುಖ ಕಾಣದಂತೆ ಮುಚ್ಚು!"

"ಆಮೇಲೆ ನಿನ್ನೊಡನೆ ಮಾತಾಡುವವರು ಯಾರು?"

"ಮಾತು ಯಾರಿಗೆ ಬೇಕು? ಜೀವ ಉಳಿದರೆ ಸಾಕು."

ಕುಂಚ ಅವನು ಕೇಳಿದ್ದನ್ನೆಲ್ಲ ಬಿಡಿಸಿತು.

ಆಟ ಶುರುವಾಯಿತು. ಸೇತುವೆಗೆ ಬಂದ ವೀರರ ಬೊಂಬೆಗಳು ಕೆಂಚಯ್ಯನನ್ನು ಕಂಡು ಹಿಂದೆ ಸರಿದವು. "ಅಯ್ಯೋ, ಇವನ್ಯಾರೋ ಭಾರಿ ರಾಕ್ಷಸ! ಕೈ ಎತ್ತುವ ಮೊದಲೇ ಹೊಡೆಯಿರಿ!"

"ನಾನು ಬರೀ ದಾರಿ ಹೇಳುವವನು" ಎಂದು ಅವನು ಕೂಗಿಕೊಂಡ. ಮುಚ್ಚಿದ ಮುಖದೊಳಗಿನಿಂದ ದನಿ ಹೊರಗೆ ಕೇಳಿಸಲಿಲ್ಲ. ದಾಳ ಉರುಳಿತು.

ಕೈ ಮುರಿದುಕೊಂಡು ಪೆಟ್ಟಿಗೆಗೆ ಬಿದ್ದ ಕೆಂಚಯ್ಯ ಅಕ್ಕಪಕ್ಕ ನೋಡಿದ. ಅಲ್ಲಿದ್ದವರೆಲ್ಲ ಕವಚ ತೊಟ್ಟವರೇ. ಹಗ್ಗ ಹಿಡಿದವನು ಒಬ್ಬನೂ ಇರಲಿಲ್ಲ.